ಪಾಪಕ್ಕನ ಕುದುರೆಯೂ ಉಪ್ಪಿನಮ್ಮನೂ

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮೋಟರು ಸುಟ್ಟರೆ ಜನ ಮೊದಲು ಕರೆಂಟಿನವರನ್ನು ಬೈಯುತ್ತಾರೆ, ಆಮೇಲೆ ಮೋಟರನ್ನು ನನ್ನ ಅಂಗಡಿಗೆ ಹೊತ್ತು ತರುತ್ತಾರೆ. ರಾಮಾಂಜಿನಪ್ಪ ಅಂದರೆ ರಿವೈಂಡಿಂಗ್, ರಿವೈಂಡಿಂಗ್ ಅಂದರೆ ರಾಮಾಂಜಿನಪ್ಪ. ಮೂವತ್ತೆರಡು ವರ್ಷದಿಂದ ಇದು ನಡೆದುಕೊಂಡು ಬಂದಿದೆ. ಜಂಬಕ್ಕೆ ಹೇಳುತ್ತಿಲ್ಲ. ಮೋಟರಿನ ವಿಷಯದಲ್ಲಿ ಇಷ್ಟು ತಿಳಿದವನ ಮಾತನ್ನು ಒಂದು ದಿನವೂ ಕಿವಿಗೆ ಹಾಕಿಕೊಳ್ಳದ ಹೆಂಗಸೊಬ್ಬಳಿದ್ದಾಳೆ, ಅವಳ ಕಥೆಗೆ ಪೀಠಿಕೆ ಹಾಕುತ್ತಿದ್ದೇನೆ ಅಷ್ಟೆ. ಅವಳು ಪಾಪಕ್ಕ. ಹೆಸರು ಕೇಳಿ ಸಾಧು ಹೆಂಗಸು ಎಂದುಕೊಂಡವರು ಬೇಕಾದಷ್ಟು ಜನ ಕೆಟ್ಟಿದ್ದಾರೆ.

ನಮ್ಮೂರ ಹತ್ತಿರದ ಘಾಟಿಯ ದನದ ಜಾತ್ರೆಗೆ ಹೋದವರು ಪಾಪಕ್ಕನ ಕುದುರೆ ನೋಡಿಯೇ ಇರುತ್ತಾರೆ. ಮೈದಾನದ ಬಾಗಿಲಲ್ಲೇ, ಬಲಗಡೆ ಮೂಲೆಯಲ್ಲಿ, ಹನ್ನೆರಡು ಮರದ ಕುದುರೆಗಳು ತಗಡಿನ ಕೊಡೆಯ ಕೆಳಗೆ ಗುಂಡಗೆ ತಿರುಗುತ್ತವೆ. ಒಂದಕ್ಕೆ ಕಿವಿಯಿಲ್ಲ, ಇನ್ನೊಂದಕ್ಕೆ ಬಾಲದ ಜಾಗದಲ್ಲಿ ತೆಂಗಿನ ನಾರು. ಅವುಗಳನ್ನು ತಿರುಗಿಸುವ ಮೋಟರು ನನಗಿಂತ ಹಿರಿಯದು. ಅದರ ಹೊಟ್ಟೆ ಬಿಚ್ಚಿ ಮೂರು ಸಲ ತಂತಿ ಸುತ್ತಿಕೊಟ್ಟವನು ನಾನೇ.

ಈ ಕುದುರೆಗಳು ಮನೆಗೆ ಬಂದ ಕಥೆಯೇ ಒಂದು ತಮಾಷೆ. ಪಾಪಕ್ಕನ ಗಂಡ ಅಪ್ಪಯ್ಯಣ್ಣ ಹೊಸಕೋಟೆ ಕಡೆಯ ರೈತ. ನಲವತ್ತು ವರ್ಷದ ಹಿಂದೆ ಎರಡು ಜೊತೆ ಎತ್ತು ಹೊಡೆದುಕೊಂಡು ಮಾರಲು ಘಾಟಿಗೆ ಬಂದ. ಅಲ್ಲಿ ಮುಚ್ಚಿಹೋಗುತ್ತಿದ್ದ ಯಾವುದೋ ಎಕ್ಸಿಬಿಷನ್ ಕಂಪನಿಯವನು ಸಿಕ್ಕಿದ. ಅಪ್ಪಯ್ಯಣ್ಣ ನಾಲ್ಕು ಎತ್ತು ಕೊಟ್ಟು ಹನ್ನೆರಡು ಕುದುರೆ ತಂದ. ಲೆಕ್ಕ ಹಾಕಿದರೆ ಲಾಭವೇ ಅಲ್ಲವೇ ಎಂದು ಮನೆಯಲ್ಲಿ ಬೇರೆ ಕೇಳಿದನಂತೆ. ಪಾಪಕ್ಕ ಹದಿನೈದು ದಿನ ಅವನ ಜೊತೆ ಮಾತಾಡಲಿಲ್ಲ. ಹದಿನಾರನೆಯ ದಿನ ಅವನು ಆಟ ಜೋಡಿಸಿ ಸ್ವಿಚ್ಚು ಹಾಕಿದ, ಷಾಕ್ ಹೊಡೆಯಿತು, ಹುಲ್ಲಿನ ಬಣವೆಯ ಮೇಲೆ ಹೋಗಿ ಬಿದ್ದ. ಎದ್ದವನು ಇನ್ನು ಈ ಜನ್ಮದಲ್ಲಿ ಕರೆಂಟು ಮುಟ್ಟುವುದಿಲ್ಲ ಎಂದ. ಅವತ್ತಿನಿಂದ ಟಿಕೆಟ್ ಹರಿಯುವುದು ಅವನ ಕೆಲಸ, ಕುದುರೆ ಓಡಿಸುವುದು ಪಾಪಕ್ಕನ ಕೆಲಸ.

ಓಡಿಸುವುದು ಅಂದರೆ ಈಗಿನ ಹಾಗೆ ಗುಂಡಿ ಒತ್ತುವುದಲ್ಲ. ಆ ಮೋಟರಿಗೆ ಇರುವುದು ನೀರಿನ ಸ್ಟಾರ್ಟರ್. ಸೊಂಟದೆತ್ತರದ ಒಂದು ಪಿಂಗಾಣಿ ಜಾಡಿ, ಅದರ ತುಂಬ ಉಪ್ಪುನೀರು, ಮೇಲಿನಿಂದ ಹಗ್ಗದಲ್ಲಿ ಇಳಿಬಿಟ್ಟ ಮೂರು ಕಬ್ಬಿಣದ ತಗಡು. ಮೋಟರಿನ ತಂತಿಗಳು ಆ ತಗಡುಗಳಿಗೆ ಬಂದಿರುತ್ತವೆ. ತಗಡು ನೀರಿಗೆ ಸ್ವಲ್ಪ ಇಳಿದರೆ ಕುದುರೆ ಮೆಲ್ಲಗೆ ನಡೆಯುತ್ತದೆ, ಇನ್ನಷ್ಟು ಇಳಿದರೆ ಓಡುತ್ತದೆ, ಪೂರ್ತಿ ಮೇಲೆತ್ತಿದರೆ ನಿಲ್ಲುತ್ತದೆ. ನೀರಿಗೆ ಉಪ್ಪು ಹೆಚ್ಚಾದರೆ ಕರೆಂಟು ಸಲೀಸಾಗಿ ಹರಿದು ಕುದುರೆಗೆ ಹುಚ್ಚು ಹಿಡಿಯುತ್ತದೆ. ಕಡಿಮೆಯಾದರೆ ಅವು ಬಾಣಂತಿಯ ಹಾಗೆ ಹೆಜ್ಜೆ ಇಡುತ್ತವೆ. ಬೆಳಿಗ್ಗೆ ಮೈನ್ ಸ್ವಿಚ್ಚು ಹಾಕುವ ಮುಂಚೆ ಪಾಪಕ್ಕ ಆ ನೀರಿಗೆ ಬೆರಳು ಅದ್ದಿ ನಾಲಗೆಗೆ ಇಟ್ಟುಕೊಳ್ಳುತ್ತಾಳೆ. ಸಾರಿಗೆ ಹೇಗೋ ಇದಕ್ಕೂ ಹಾಗೆಯೇ ಒಂದು ಹದವಿದೆ ಎಂದು ಅವಳ ವಾದ. ನನ್ನ ಹತ್ತಿರ ಮೀಟರು ಇದೆ, ತರುತ್ತೇನೆ ಎಂದರೆ ನಗುತ್ತಾಳೆ.

ಇದನ್ನೆಲ್ಲ ಕಿತ್ತು ಹೊಸ ಪ್ಯಾನೆಲ್ ಬೋರ್ಡು ಹಾಕೋಣ ಎಂದು ಹತ್ತು ವರ್ಷ ಬಡಿದುಕೊಂಡೆ. ಒಂದು ಸಲ ಬೋರ್ಡನ್ನು ಹೊತ್ತುಕೊಂಡೇ ಹೋಗಿದ್ದೆ. ಅವಳು ಅದರ ಬಾಗಿಲು ತೆಗೆದು ನೋಡಿ, ಒಳಗೆ ಜಾಗ ಚೆನ್ನಾಗಿದೆ ಎಂದು ಎಲೆ ಅಡಿಕೆ ಡಬ್ಬಿ ಇಟ್ಟುಕೊಂಡಳು. ಆ ಬೋರ್ಡು ಇವತ್ತಿಗೂ ಅವಳ ಹತ್ತಿರವೇ ಇದೆ.

"ಗುಂಡಿ ಒತ್ತಿದ್ರೆ ಓಡೋದಕ್ಕೆ ನಾನ್ಯಾಕಪ್ಪ ಬೇಕು? ನಿಮ್ಮಣ್ಣನೂ ಒತ್ತುತಾನೆ" ಎಂದಳು. ನಿಮ್ಮಣ್ಣ ಅಂದರೆ ಅಪ್ಪಯ್ಯಣ್ಣ. ಮಾತು ನಗುತ್ತಲೇ ಬಂತು, ಆದರೆ ಅದು ನಗುವ ಮಾತಾಗಿರಲಿಲ್ಲ. ಹಗ್ಗ ಹಿಡಿದಾಗ ಮಾತ್ರ ಪಾಪಕ್ಕ ಪಾಪಕ್ಕನಾಗಿರುತ್ತಾಳೆ. ಕುದುರೆಯ ಮೇಲಿನ ಮಗು ಹೆದರಿ ಮುಖ ಸಣ್ಣ ಮಾಡಿದರೆ ಸಾಕು, ಅರ್ಧ ಇಂಚು ಹಗ್ಗ ಎಳೆಯುತ್ತಾಳೆ. ಹುಡುಗರು ಕೇಕೆ ಹಾಕಿದರೆ ಅರ್ಧ ಇಂಚು ಬಿಡುತ್ತಾಳೆ. ಯಾವ ಬೋರ್ಡಿಗೂ ಅದು ಬರುವುದಿಲ್ಲ, ಒಪ್ಪಿಕೊಳ್ಳುತ್ತೇನೆ. ಅವಳ ಮುಂದೆ ಒಪ್ಪಿಕೊಂಡಿಲ್ಲ.

ಇನ್ನು ದೇವರ ವಿಷಯ. ಆ ಜಾಡಿಯ ಹತ್ತಿರ ಯಾರೂ ಹೋಗಬಾರದು, ಕರೆಂಟು ಇರುವಾಗಲಂತೂ ಆ ತಗಡುಗಳನ್ನು ಮುಟ್ಟಲೇಬಾರದು. ಅದಕ್ಕೆ ನಾನು ತಲೆಬುರುಡೆ, ಎಲುಬು ಬರೆದು 'ಅಪಾಯ' ಎಂದು ಕೆಂಪು ಬೋರ್ಡು ಮಾಡಿಕೊಟ್ಟೆ. ಜನ ಅದಕ್ಕೆ ಟವೆಲ್ಲು ನೇತುಹಾಕಿದರು. ಒಬ್ಬ ತನ್ನ ಹೋರಿಯನ್ನೇ ತಂದು ಕಟ್ಟಿದ. ಮುಳ್ಳುತಂತಿ ಬೇಲಿ ಹಾಕಿಸಿದರೆ ಗುಜರಿಯವರು ಎರಡು ಸಲ ಬಿಚ್ಚಿಕೊಂಡು ಹೋದರು. ಕತ್ತಲಾದ ಮೇಲೆ ಗಂಡಸರು ಜಾಡಿಯ ಮರೆಗೆ ಬಂದು ನಿಲ್ಲತೊಡಗಿದಾಗ ಪಾಪಕ್ಕನ ತಾಳ್ಮೆ ತೀರಿತು. ಮಾರನೆಯ ಬೆಳಿಗ್ಗೆ ಜಾಡಿಗೆ ಅರಿಶಿನ ಬಳಿದಳು, ಮೂರು ಕಡೆ ದಪ್ಪಗೆ ಕುಂಕುಮ ಇಟ್ಟಳು, ಕುತ್ತಿಗೆಗೆ ಬೇವಿನ ಸೊಪ್ಪು ಕಟ್ಟಿದಳು, ಮುಂದೆ ಒಂದು ನಿಂಬೆಹಣ್ಣು ಕೊಯ್ದು ಇಟ್ಟಳು. ಅಷ್ಟೇ. ಅವತ್ತಿನಿಂದ ಒಬ್ಬನೂ ಹತ್ತಿರ ಸುಳಿಯಲಿಲ್ಲ. ಚಪ್ಪಲಿ ಹಾಕಿಕೊಂಡು ಅತ್ತ ಹೋಗಲೂ ಜನ ಹೆದರಿದರು. ನನ್ನ ತಲೆಬುರುಡೆಗೆ ಇಲ್ಲದ ಮರ್ಯಾದೆ ನಾಲ್ಕು ಚಿಟಿಕೆ ಅರಿಶಿನಕ್ಕೆ ಸಿಕ್ಕಿತು ಎಂದು ನನಗೆ ಎಷ್ಟು ಹೊಟ್ಟೆ ಉರಿಯಿತೋ ದೇವರಿಗೇ ಗೊತ್ತು.

ಆಮೇಲೆ ಆದದ್ದಕ್ಕೆ ಪಾಪಕ್ಕನೂ ಸಿದ್ಧಳಿರಲಿಲ್ಲ. ನಮ್ಮ ಕಡೆ ಮೈಮೇಲೆ ನರಹುಲಿ ಎದ್ದರೆ ದೇವರ ಕೊಳಕ್ಕೆ ಉಪ್ಪು ಹಾಕುವ ಹರಕೆ ಹೊರುತ್ತಾರೆ. ಉಪ್ಪು ಕರಗಿದ ಹಾಗೆ ನರಹುಲಿ ಕರಗಲಿ ಎಂದು. ಪಾಪಕ್ಕ ಜಾಡಿಗೆ ಉಪ್ಪು ಸುರಿಯುವುದನ್ನು ಯಾರೋ ಒಬ್ಬ ಹೆಂಗಸು ನೋಡಿದಳು. ಕುದುರೆ ಓಡುವಾಗ ನೀರು ಕಾದು ಜಾಡಿಯ ಬಾಯಿಂದ ಹಬೆ ಏಳುವುದನ್ನೂ ನೋಡಿದಳು. ಅಮ್ಮ ಉಸಿರಾಡುತ್ತಿದ್ದಾಳೆ ಎಂದು ಕೈ ಮುಗಿದು ತಾನೂ ಒಂದು ಹಿಡಿ ಉಪ್ಪು ಹಾಕಿದಳು. ಮೂರು ವಾರಕ್ಕೆ ಅವಳ ನರಹುಲಿ ಉದುರಿತು. ನರಹುಲಿ ತಾನಾಗಿಯೇ ಉದುರುವುದೂ ಉಂಟು ಎಂದು ನಾನು ಹೇಳಿದರೆ ಕೇಳುವವರು ಯಾರು? ಮುಂದಿನ ವರ್ಷದ ಜಾತ್ರೆಗೆ ಜಾಡಿಗೆ ಉಪ್ಪಿನಮ್ಮ ಎಂದು ಹೆಸರೂ ಬಿದ್ದಿತ್ತು, ಸೆರಗಿನಲ್ಲಿ ಉಪ್ಪು ಕಟ್ಟಿಕೊಂಡು ಬರುವವರ ಸಾಲೂ ಹುಟ್ಟಿತ್ತು. ಬೆಳಿಗ್ಗೆ ಕುದುರೆ ಹತ್ತುವವರು ಬರುವ ಮುಂಚೆ, ಕರೆಂಟು ತೆಗೆದಿರುವಾಗ, ಪಾಪಕ್ಕ ಅವರನ್ನು ಒಬ್ಬೊಬ್ಬರನ್ನಾಗಿ ಬಿಡುತ್ತಿದ್ದಳು. ಉಪ್ಪು ಹೆಚ್ಚಾದರೆ ಎರಡು ಬಿಂದಿಗೆ ನೀರು ತೆಗೆದು ಹೊಸ ನೀರು ಹಾಕುವಳು. ಅಂಗಡಿಯಿಂದ ಉಪ್ಪು ತರುವುದು ತಪ್ಪಿತಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿ. ಇದು ಒಳ್ಳೆಯದಕ್ಕಲ್ಲ ಎಂದೆ. ದೇವರ ಮೇಲೆ ಹೊಟ್ಟೆಕಿಚ್ಚು ಪಡುವವನನ್ನು ಇದೇ ಮೊದಲು ನೋಡಿದ್ದು ಎಂದು ಅವಳು ಸಾರಿ ಸಾರಿ ಎಲ್ಲರಿಗೂ ಹೇಳಿದಳು.

ಈ ವರ್ಷ ಮೈದಾನದ ಕಮಿಟಿಯವರು ಹೊಸ ಕಟ್ಟಳೆ ತಂದರು. ಕರೆಂಟಿನ ಆಟ ಯಾವುದೇ ಇರಲಿ, ಅಧಿಕಾರಿ ಬಂದು ನೋಡಿ ಚೀಟಿ ಕೊಟ್ಟರೆ ಮಾತ್ರ ಜಾಗ. ಪಾಪಕ್ಕನ ಮೂಲೆಯ ಮೇಲೆ ಬೈರೇಶ್ ಎಂಬುವನ ಕಣ್ಣಿತ್ತು. ಅವನದು ಬಣ್ಣದ ದೀಪ, ಕಿವಿ ಹರಿಯುವ ಹಾಡು, ಕೂತವರನ್ನು ಹಿಡಿದು ಕುಲುಕುವ ದೊಡ್ಡ ಹೊಸ ಯಂತ್ರ. ಮಂಗಳವಾರದೊಳಗೆ ಪಾಪಕ್ಕನಿಗೆ ಚೀಟಿ ಸಿಗದಿದ್ದರೆ ಬಾಗಿಲ ಮೂಲೆ ಅವನಿಗೆ ಎಂದು ತೀರ್ಮಾನವಾಯಿತು. ನಲವತ್ತು ವರ್ಷದ ಜಾಗ. ಜಾತ್ರೆಗೆ ಕಾಲಿಟ್ಟ ಮಕ್ಕಳಿಗೆ ಮೊದಲು ಕಾಣುವುದು ತನ್ನ ಕುದುರೆಯೇ ಎಂಬುದು ಅವಳ ದೊಡ್ಡ ಹೆಮ್ಮೆ. ಅದು ಹೋಗುತ್ತದೆ ಎಂದಾಗ ಅವಳ ಮುಖ ನೋಡಲು ನನಗೇ ಆಗಲಿಲ್ಲ. ಹಾಗಾಗಿ, ಬುದ್ಧಿ ಇಲ್ಲದವನ ಹಾಗೆ, ಅವಳ ಉಪಾಯಕ್ಕೆ ತಲೆಯಾಡಿಸಿದೆ.

ಉಪಾಯ ಇಷ್ಟು. ಅಧಿಕಾರಿ ಇರುವಷ್ಟು ಹೊತ್ತು ಜಾಡಿಗೆ ಉಪ್ಪು ಹಾಕುವ ಹರಕೆಯ ಸುದ್ದಿಯೇ ಅವರ ಕಿವಿಗೆ ಬೀಳಬಾರದು. ಜಾಡಿಯ ಸುತ್ತ ಮೂರು ಅಡಿ ದೂರಕ್ಕೆ ಹಗ್ಗದ ಬೇಲಿ ಕಟ್ಟಿದೆವು. ಉಪ್ಪು ಹೊತ್ತು ಬರುವವರನ್ನು ಮೈದಾನದ ನಡುವಿನ ಹುಣಸೆ ಮರದ ಹತ್ತಿರವೇ ತಡೆಯುವುದು ಅಪ್ಪಯ್ಯಣ್ಣನ ಪಾಲಿಗೆ ಬಂತು. ಅಮ್ಮ ಮಡಿಯಲ್ಲಿದ್ದಾಳೆ, ಹನ್ನೆರಡು ಗಂಟೆಯವರೆಗೆ ಉಪ್ಪು ಮುಟ್ಟುವುದಿಲ್ಲ ಎಂದು ಹೇಳಬೇಕು. ಅಪ್ಪಯ್ಯಣ್ಣ ಇದನ್ನು ಬೆಳಿಗ್ಗೆಯಿಂದ ಬಾಯಿಪಾಠ ಮಾಡುತ್ತಿದ್ದ.

ಬಂದ ಅಧಿಕಾರಿ ಬಿಂದುಶ್ರೀ ಎಂಬ ಹುಡುಗಿ. ಹುಡುಗಿ ಎಂದು ನಾನು ಸಸಾರವಾಗಿ ಮಾತಾಡಿಸಿದ್ದಕ್ಕೆ ಐದು ನಿಮಿಷದಲ್ಲಿ ಬೆವರಿಳಿಸಿದಳು. ಅರ್ತಿಂಗ್ ಅಗೆಸಿ ನೋಡಿದಳು, ಮೆಗ್ಗರ್ ಎಂಬ ಮೀಟರು ಹಿಡಿದು ತಂತಿ ತಂತಿಯನ್ನೂ ಪರೀಕ್ಷೆ ಮಾಡಿದಳು. ನನ್ನ ರಿವೈಂಡಿಂಗಿಗೆ ಅವಳ ಕೈಲಿ ಒಂದು ಕೊಂಕು ತೆಗೆಯಲಾಗಲಿಲ್ಲ, ಅದನ್ನು ಇಲ್ಲಿ ಬರೆದಿಡುತ್ತೇನೆ. ಜಾಡಿಯ ಹತ್ತಿರ ಬಂದಾಗ ಮಾತ್ರ ಅವಳ ಮುಖ ಅರಳಿತು. ಈ ಥರದ ಸ್ಟಾರ್ಟರನ್ನು ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲವಂತೆ. ಅರಿಶಿನ ಕುಂಕುಮ ಯಾಕೆ ಎಂದು ಕೇಳಿದಳು. ಜನ ಮುಟ್ಟದಿರಲಿ ಅಂತ, ಎಂದಳು ಪಾಪಕ್ಕ. ಅದು ನಿಜವೇ. ಬಿಂದುಶ್ರೀ ಅರ್ಧ ಗಂಟೆ ಕುರ್ಚಿ ಹಾಕಿಕೊಂಡು ಕೂತು ನೋಡಿದಳು. ಬಂದವರೆಲ್ಲ ಹಗ್ಗದಾಚೆಯೇ ನಿಂತು, ಕೈ ಮುಗಿದು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ಹೋದರು. ಇಷ್ಟು ಶಿಸ್ತಿನ ಜನರನ್ನು ತಾನು ಫ್ಯಾಕ್ಟರಿಗಳಲ್ಲೂ ಕಂಡಿಲ್ಲ ಎಂದು ನಗುತ್ತ, ಈ ಜಾತ್ರೆಯ ಮಟ್ಟಿಗೆ ಎಂದು ಚೀಟಿ ಬರೆದುಕೊಟ್ಟು, ಬೈರೇಶನ ಯಂತ್ರ ನೋಡಲು ಹೊರಟಳು.

ಪಾಪಕ್ಕ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಕುಪ್ಪಸದೊಳಗೆ ಇಟ್ಟಳು. ಕುದುರೆ ತುಂಬಿಸಿ, ಮೈನ್ ಸ್ವಿಚ್ಚು ಹಾಕಿ, ಹಗ್ಗ ಸಡಿಲಿಸಿದಳು. ಬೈರೇಶನಿಗೆ ಕೇಳಲಿ ಎಂದು ಗಂಟೆ ಬೇರೆ ಬಾರಿಸಿದಳು. ನನ್ನನ್ನು ನೋಡಿ ಕಣ್ಣು ಹೊಡೆದಳು. ಅರವತ್ತಾರು ವರ್ಷದ ಹೆಂಗಸು!

ಅಪ್ಪಯ್ಯಣ್ಣನಿಗೆ ಕೊಟ್ಟಿದ್ದ ಕೆಲಸವನ್ನು ಮಾತ್ರ ನಾವಿಬ್ಬರೂ ಮರೆತಿದ್ದೆವು. ಅವನು ಹುಣಸೆ ಮರದಡಿ ಬೆಳಿಗ್ಗೆಯಿಂದ ಜನರನ್ನು ತಡೆದು ತಡೆದು ನಿಲ್ಲಿಸಿದ್ದ. ನಲವತ್ತು ಜನವಾದರೂ ಸೇರಿದ್ದರು. ಅವತ್ತು ಮಂಗಳವಾರ, ಅಮ್ಮನ ವಾರ ಬೇರೆ. ಹನ್ನೆರಡು ಹೊಡೆಯಿತು. ಗಡಿಯಾರ ನೋಡಿಕೊಂಡು, ಹೇಳಿದ ಮಾತಿಗೆ ತಪ್ಪಬಾರದೆಂದು, ಅಮ್ಮನ ಮಡಿ ಮುಗಿಯಿತು ಹೋಗಿ ಎಂದು ಬಿಟ್ಟುಬಿಟ್ಟ. ಕರೆಂಟಿನ ಹತ್ತಿರ ನಲವತ್ತು ವರ್ಷದಿಂದ ಸುಳಿಯದವನಿಗೆ ಸ್ವಿಚ್ಚು ಹಾಕಿದೆಯೋ ಇಲ್ಲವೋ ನೋಡಬೇಕೆಂದು ಹೊಳೆಯುವುದಾದರೂ ಹೇಗೆ?

ಜನ ಒಟ್ಟಿಗೆ ನುಗ್ಗಿದರು. ಹಗ್ಗದ ಬೇಲಿ ಕಾಲಡಿಗೆ ಹೋಯಿತು. ಹಿಡಿ ಹಿಡಿ ಉಪ್ಪು ದೂರದಿಂದಲೇ ತೂರಿ ಬಂದು ಜಾಡಿಗೆ ಬಿತ್ತು. ಕುದುರೆಗಳು ಒಮ್ಮೆ ಜಗ್ಗಿ ಓಡತೊಡಗಿದವು. ಮೇಲೆ ಕೂತಿದ್ದ ಕಾಲೇಜು ಹುಡುಗರು ಕೇಕೆ ಹಾಕಿದರು, ಆಮೇಲೆ ಕೇಕೆ ನಿಲ್ಲಿಸಿ ಕುದುರೆಯ ಕುತ್ತಿಗೆ ತಬ್ಬಿಕೊಂಡರು. ಬಾಲದ ತೆಂಗಿನ ನಾರು ಹಾರಿಹೋಯಿತು. ಮೋಟರಿನ ಗೋಳು ಕೇಳಿ ನನಗೆ ಮೂರು ಸಲದ ರಿವೈಂಡಿಂಗೂ ನೆನಪಾಯಿತು. ಪಾಪಕ್ಕ ಎರಡು ಕೈಯಲ್ಲೂ ಹಗ್ಗ ಜಗ್ಗಿ ತಗಡು ಮೇಲೆತ್ತುತ್ತಿದ್ದಳು. ನಾನು ಕುದುರೆಗಳ ಆಚೆ ಬದಿಯಲ್ಲಿದ್ದೆ. ಈಚೆ ಬರಬೇಕಾದರೆ ಪೂರ್ತಿ ಸುತ್ತಿಕೊಂಡು ಓಡಬೇಕಿತ್ತು.

ಆಗ ಒಬ್ಬ ತಾಯಿ ತನ್ನ ನಾಲ್ಕೈದು ವರ್ಷದ ಮಗಳನ್ನು ಎತ್ತಿ ಜಾಡಿಯ ಬಾಯಿಯ ಮೇಲೆ ಹಿಡಿದಳು. ಮಗುವಿನ ಮುಷ್ಟಿಯಲ್ಲಿ ಉಪ್ಪು. ಮುಷ್ಟಿ ತಗಡುಗಳ ನಡುವೆ ಇಳಿಯುತ್ತಿತ್ತು. ನಾನು ಕುದುರೆಗಳನ್ನು ಸುತ್ತಿಕೊಂಡು ಓಡತೊಡಗಿದೆ.

ಪಾಪಕ್ಕ ಹಗ್ಗ ಬಿಟ್ಟಳು. ಮೈನ್ ಸ್ವಿಚ್ಚು ಅವಳಿಂದ ನಾಲ್ಕು ಹೆಜ್ಜೆ ದೂರವಿತ್ತು. ಆ ನಾಲ್ಕು ಹೆಜ್ಜೆ ಅವಳು ನಡೆದದ್ದನ್ನು ನಾನು ನೋಡಲಿಲ್ಲ. ಅವಳ ಮೈ ಸ್ವಿಚ್ಚಿನ ಮೇಲೆ ಬಿದ್ದದ್ದು, ಹಿಡಿ ಕೆಳಕ್ಕೆ ಇಳಿದದ್ದು ಮಾತ್ರ ಕಂಡಿತು. ಮಗುವಿನ ಕೈ ಮಣಿಕಟ್ಟಿನವರೆಗೆ ನೀರೊಳಗೆ ಹೋಯಿತು. ನೀರು ಬೆಚ್ಚಗಿದೆ ಎಂದು ಮಗು ನಕ್ಕಿತು.

ಕುದುರೆಗಳು ತಮ್ಮ ಪಾಡಿಗೆ ಇನ್ನೂ ಹತ್ತು ಸುತ್ತು ತಿರುಗಿ ನಿಂತವು. ಹುಡುಗರು ಇಳಿದು ಒಂದೊಂದು ದಿಕ್ಕಿಗೆ ತೂರಾಡಿಕೊಂಡು ಹೋದರು. ಅಮ್ಮನ ಮುಂದೆ ಹೀಗೆ ಧಡಾರ್ ಅಂತ ಬೀಳುವುದೇ ಎಂದು ಆ ತಾಯಿ ಪಾಪಕ್ಕನನ್ನು ಬೈದಳು. ಮೂವತ್ತು ವರ್ಷದಲ್ಲಿ ಪಾಪಕ್ಕ ಬೈಗುಳ ಕೇಳಿಯೂ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ನನಗೆ ಅದು ಬೇಡವಾಗಿತ್ತು.

ಏನೂ ಆಗಿಲ್ಲವಲ್ಲ, ಇನ್ನು ಮೇಲೆ ಹುಷಾರಾಗಿದ್ದರಾಯಿತು ಎಂದು ನಾನು ಹೇಳುತ್ತಿರುವಾಗಲೇ ಅವಳು ಹೊರಟಳು. ಬಿಂದುಶ್ರೀ ಬೈರೇಶನ ಯಂತ್ರದ ಕೆಳಗೆ ಬಗ್ಗಿ ನೋಡುತ್ತಿದ್ದಳು. ಪಾಪಕ್ಕ ಕುಪ್ಪಸದಿಂದ ಚೀಟಿ ತೆಗೆದು ಅವಳ ಕೈಗೆ ಕೊಟ್ಟಳು.

"ಇದು ನಂಗೆ ಬ್ಯಾಡ ಕಣವ್ವ. ನಿಮ್ಗೆ ಟೋಪಿ ಹಾಕಿ ಈಸ್ಕೊಂಡಿದ್ದು. ಜನ ಆ ಜಾಡಿ ಒಳೀಕೆ ಉಪ್ಪು ಹಾಕ್ತಾರೆ. ಈಗೊಂದು ಮಗು ಕೈ ಹಾಕ್ಬಿಡ್ತು."

ಬೈರೇಶ್ ಪಕ್ಕದಲ್ಲೇ ಇದ್ದ. ಬಿಂದುಶ್ರೀ ಮೊದಲು ಮಗು ಹೇಗಿದೆ ಎಂದು ಕೇಳಿದಳು. ಆಮೇಲೆ ಚೀಟಿಯ ಮೇಲೆ ಅಡ್ಡಗೆರೆ ಎಳೆದಳು. ಸಂಜೆಯೊಳಗೆ ನಾವು ಕುದುರೆ ಬಿಚ್ಚಿ ಮೂಲೆ ಖಾಲಿ ಮಾಡಿದೆವು. ಯಾರು ಕೇಳಿದ್ದರು ಈ ಸತ್ಯವನ್ನು ಎಂದು ನಾನು ದಾರಿಯುದ್ದಕ್ಕೂ ರೇಗಿದೆ. ಮನೆಗೆ ಹೋಗಿ ಒಬ್ಬನೇ ಕೂತಾಗ, ಅವಳ ಜಾಗದಲ್ಲಿ ನಾನಿದ್ದಿದ್ದರೆ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದೆ ಎನಿಸಿ ನಾಚಿಕೆಯಾಯಿತು.

ಮಾರನೆಯ ದಿನ ಮೈದಾನದಲ್ಲೇ ಹಳೆಯ ಮಗ್ಗದ ಕಬ್ಬಿಣ ಕತ್ತರಿಸಿ, ಜಾಡಿಗೆ ತಲೆಯವರೆಗೂ ಪಂಜರ ಬೆಸೆದು, ಬಾಗಿಲಿಟ್ಟು ಬೀಗ ಹಾಕಿದೆ. ಹಗ್ಗ ಮಾತ್ರ ಹೊರಗೆ ಬರುವ ಹಾಗೆ ಕಂಡಿ ಬಿಟ್ಟೆ. ಹಗ್ಗದ ತುದಿಗೆ ಭಾರ ಕಟ್ಟಿ, ಕೈ ಬಿಟ್ಟರೆ ತಗಡು ತಾನಾಗಿ ಮೇಲೇಳುವಂತೆಯೂ ಮಾಡಿದೆ. ಕಷ್ಟವಾದದ್ದು ಕೆಲಸವಲ್ಲ. ಅಮ್ಮನನ್ನು ಬೋನಿಗೆ ಹಾಕುತ್ತಿದ್ದೀರಾ ಎಂದು ಹೆಂಗಸರ ಒಂದು ದಂಡೇ ಬಂದು ನಮ್ಮನ್ನು ತಡೆಯಿತು. ಇದೆಲ್ಲ ಸ್ಟಾರ್ಟರ್, ಅಮ್ಮನೂ ಇಲ್ಲ ಗುಮ್ಮನೂ ಇಲ್ಲ ಎಂದು ನಾನು ಹೇಳಿದೆ. ಪೆಟ್ಟು ಬೀಳುವುದೊಂದು ಬಾಕಿ. ಪಾಪಕ್ಕ ಮುಂದೆ ಬಂದು, ಅಮ್ಮ ಕನಸಿನಲ್ಲಿ ಬಂದಿದ್ದಳು, ಈ ಕುದುರೆಗಳ ಸದ್ದಿಗೆ ತಲೆ ನೋಯುತ್ತದೆ, ಹುಣಸೆ ಮರದ ನೆರಳಿಗೆ ಹೋಗುತ್ತೇನೆ ಎಂದಳು, ಎಂದು ಕಣ್ಣು ಮಿಟುಕಿಸದೆ ಹೇಳಿದಳು. ಒಂದು ಗುಂಡುಕಲ್ಲು ತಂದು ಮರದ ಬುಡದಲ್ಲಿಟ್ಟು ಅರಿಶಿನ ಬಳಿದಳು. ದಂಡು ಅತ್ತ ತಿರುಗಿತು.

ಬಿಂದುಶ್ರೀ ನಾಲ್ಕನೆಯ ದಿನ, ನಾವು ಕುದುರೆ ಮತ್ತೆ ಜೋಡಿಸಿದ ಮೇಲೆ ಬಂದಳು. ಪಂಜರವನ್ನು ಹಿಡಿದು ಅಲ್ಲಾಡಿಸಿ ನೋಡಿದಳು, ಹಗ್ಗವನ್ನು ತಾನೇ ಹಿಡಿದು ಒಂದು ಸುತ್ತು ಕುದುರೆ ಓಡಿಸಿದಳು. ಅವಳು ಓಡಿಸಿದ ರೀತಿ ಪಾಪಕ್ಕನಿಗೆ ಹಿಡಿಸಲಿಲ್ಲ. ಅವಸರ ಜಾಸ್ತಿ, ಮಕ್ಕಳ ಮುಖ ನೋಡುವುದಿಲ್ಲ ಎಂದಳು. ಹುಡುಗಿ ಬೇಸರಿಸದೆ ಚೀಟಿ ಬರೆದುಕೊಟ್ಟಳು. ಬಾಗಿಲ ಮೂಲೆ ಅಷ್ಟರಲ್ಲಿ ಬೈರೇಶನ ಪಾಲಾಗಿತ್ತು. ನಮಗೆ ಸಿಕ್ಕಿದ್ದು ಮೈದಾನದ ಹಿಂಭಾಗ, ದನಗಳು ನೀರು ಕುಡಿಯುವ ತೊಟ್ಟಿಯ ಪಕ್ಕ. ಅಲ್ಲಿ ಸಗಣಿಯ ವಾಸನೆ. ದನ ಮಾರಲು ಬಂದವರ ಮಕ್ಕಳೇ ನಮ್ಮ ಗಿರಾಕಿಗಳು. ಪಾಪಕ್ಕ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಆ ಮಕ್ಕಳಿಗೆ ನಿಜವಾದ ಪ್ರಾಣಿ ಹತ್ತಿ ಅಭ್ಯಾಸವಿರುವುದರಿಂದ ಚೆನ್ನಾಗಿ ಕೂರುತ್ತಾರೆ ಎಂದು ಹೊಗಳತೊಡಗಿದಳು.

ಜಾತ್ರೆ ಮುಗಿಯುವ ಹಿಂದಿನ ದಿನ ಬೆಳಿಗ್ಗೆ ನಾನು ಹೋದಾಗ ಅವಳು ಪಂಜರದ ಬೀಗ ತೆಗೆದು ನೀರಿನ ರುಚಿ ನೋಡುತ್ತಿದ್ದಳು. ಉಪ್ಪು ಸಾಲದು ಎಂದು ಅಪ್ಪಯ್ಯಣ್ಣನನ್ನು ಅಂಗಡಿಗೆ ಕಳಿಸಿದಳು. ನನಗೆ ಅರ್ಥವಾಗಲಿಲ್ಲ. ಅಲ್ಲೇ ಕಣ್ಣೆದುರಿಗೆ, ಹುಣಸೆ ಮರದಡಿ, ಮೊಣಕಾಲೆತ್ತರ ಉಪ್ಪು ಗುಡ್ಡೆ ಬಿದ್ದಿತ್ತು. ಎರಡು ಬೊಗಸೆ ತಂದರೆ ಆಗುತ್ತಿತ್ತಲ್ಲ ಎಂದೆ.

"ಅದು ಅಮ್ಮನ್ದು ಕಣಪ್ಪ. ಮುಟ್ಟಕ್ಕಾಗಲ್ಲ" ಎಂದಳು.

ನಾನು ಬಿದ್ದು ಬಿದ್ದು ನಕ್ಕೆ. ಆ ಅಮ್ಮನನ್ನು ಹುಟ್ಟಿಸಿದವಳು ನೀನೇ ಅಲ್ಲವೇನಕ್ಕ, ಕನಸು ಕಟ್ಟಿದವಳೂ ನೀನೇ, ಮೊನ್ನೆ ಆ ಕಲ್ಲು ತಂದಿಟ್ಟವಳೂ ನೀನೇ, ನನ್ನ ಹತ್ತಿರವೂ ನಾಟಕವೇ ಎಂದೆ. ಅವಳು ನಗಲಿಲ್ಲ. ಜಾಡಿಯ ಅಂಚನ್ನು ಸೆರಗಿನಿಂದ ಒರೆಸಿದಳು.

"ಅವತ್ತು ಸ್ವಿಚ್ಚು ಎಳ್ದಿದ್ದು ಯಾರು ರಾಮಾಂಜಿ?"

ನೀನೇ, ನಾನೇ ಕಣ್ಣಾರೆ ನೋಡಿದೆನಲ್ಲ ಎಂದೆ.

"ನಂಗೆ ಗ್ಯಾಪ್ಕ ಇಲ್ಲ ಕಣಪ್ಪ" ಎಂದಳು. "ಆ ಮಗೀನ ಕೈ ಕಂಡಿದ್ದು ಗ್ಯಾಪ್ಕ ಐತೆ. ಆಮೇಲೆ ಸ್ವಿಚ್ಚು ಕೆಳಗಿತ್ತು. ನಡುವಿಂದು ಇಲ್ಲ."

ಅಷ್ಟರಲ್ಲಿ ಅಪ್ಪಯ್ಯಣ್ಣ ಉಪ್ಪಿನ ಪ್ಯಾಕೆಟ್ಟು ತಂದ. ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಜಾಡಿಗೆ ಸುರಿದು, ಬೀಗ ಹಾಕಿ, ಮೊದಲ ಸರದಿಯ ಮಕ್ಕಳನ್ನು ಕರೆದಳು.